ರಾಜನ ಹೆಂಡತಿಯ ಬದುಕನ್ನು ಹುಡುಕಿ ಬರೆಯುವುದು ಹೇಗೆ

ಮಧ್ಯಯುಗದ ಯುರೋಪಿನ ಯಾವುದೋ ಒಬ್ಬ ರಾಣಿಯ ಬಗ್ಗೆ ಓದೋಣ ಅಂತ ಕೂತರೆ ಸಾಮಾನ್ಯವಾಗಿ ಸಿಗುವುದು ಮೂರು ಸಾಲು. ಇಂಥ ರಾಜನ ಮಗಳು. ಇಂಥ ರಾಜನ ಹೆಂಡತಿ. ಇಂಥ ರಾಜನ ತಾಯಿ. ಮುಂದಿನ ಪ್ಯಾರಾದಿಂದ ಗಂಡನ ಯುದ್ಧಗಳು ಶುರುವಾಗುತ್ತವೆ, ಅವಳು ಮತ್ತೆ ಕಾಣುವುದು ಸತ್ತಾಗಲೇ.

ಆದರೆ ಇಂಥ ಹೆಂಗಸರ ಬಗ್ಗೆ ದಾಖಲೆಗಳು ಕಡಿಮೆ ಅಂತ ಅಂದುಕೊಳ್ಳಬೇಡಿ. ಕೆಲವರ ಬಗ್ಗೆ ರಾಶಿ ರಾಶಿ ಇದೆ. ನಾವು ತಪ್ಪು ಕಡೆ ಹುಡುಕುತ್ತೇವೆ, ಅಷ್ಟೇ. ರಾಣಿ ಸಿಗುವುದು ಯುದ್ಧದ ಕಥೆಗಳಲ್ಲಲ್ಲ, ಲೆಕ್ಕದ ಕಾಗದಗಳಲ್ಲಿ, ಜಮೀನಿನ ಪತ್ರಗಳಲ್ಲಿ, ಅವಳ ತವರಿನ ಕಡೆ. ಅದನ್ನು ಹೇಗೆ ಮಾಡುವುದು ಅಂತ ಒಬ್ಬಳನ್ನೇ ಇಟ್ಟುಕೊಂಡು ತೋರಿಸುತ್ತೇನೆ: ಕ್ಯಾಸ್ಟೀಲ್‌ನ (ಈಗಿನ ಸ್ಪೇನಿನಲ್ಲಿದ್ದ ಒಂದು ರಾಜ್ಯ) ಎಲಿನೋರ್, ಇಂಗ್ಲೆಂಡಿನ ಒಂದನೇ ಎಡ್ವರ್ಡನ ಮೊದಲ ಹೆಂಡತಿ. 1241ರ ಸುಮಾರಿಗೆ ಹುಟ್ಟಿದಳು, 1290ರಲ್ಲಿ ಸತ್ತಳು. ಇವಳನ್ನು ಆರಿಸಿದ್ದಕ್ಕೆ ಕಾರಣ ಸರಳ. ಇವಳ ಬಗ್ಗೆ ಕಾಗದವೂ ಉಳಿದಿದೆ, ಕಲ್ಲೂ ಉಳಿದಿದೆ, ಸುಳ್ಳುಕಥೆಗಳಂತೂ ಬೇಕಾದಷ್ಟಿವೆ. ಕಲಿಯುವುದಕ್ಕೆ ಮೂರೂ ಬೇಕು.

ಮೊದಲು ಅಮ್ಮನ ಕಡೆ ಹೋಗಿ

ವಂಶವೃಕ್ಷ ಬರೆಯುವಾಗ ಎಲ್ಲರೂ ಅಪ್ಪನಿಂದ ಶುರು ಮಾಡುತ್ತಾರೆ. ನೀವು ಅಮ್ಮನಿಂದ ಶುರು ಮಾಡಿ. ರಾಜನ ಮಗಳು ಮದುವೆಯಾಗಿ ಬೇರೆ ದೇಶಕ್ಕೆ ಹೋಗುತ್ತಾಳೆ, ಅವಳ ಮಗಳು ಇನ್ನೊಂದು ದೇಶಕ್ಕೆ, ಹೀಗೆ ಹೆಣ್ಣುಮಕ್ಕಳ ದಾರಿ ಹಿಡಿದರೆ ಯುರೋಪಿನ ರಾಜಕೀಯ ಅರ್ಧ ಅರ್ಥವಾಗಿಬಿಡುತ್ತದೆ.

ಎಲಿನೋರಳ ಅಪ್ಪ ಕ್ಯಾಸ್ಟೀಲಿನ ಮೂರನೇ ಫರ್ಡಿನಾಂಡ್. ದೊಡ್ಡ ಹೆಸರು, ಎಲ್ಲರಿಗೂ ಗೊತ್ತು. ಅಮ್ಮ ಜೋನ್, ಉತ್ತರ ಫ್ರಾನ್ಸಿನ ಪೊಂತ್ಯೂ ಅನ್ನುವ ಸಣ್ಣ ಪ್ರಾಂತ್ಯದ ವಾರಸುದಾರಳು. ಮಜಾ ಇರುವುದು ಇಲ್ಲಿ. 1235ರಲ್ಲಿ ಈ ಜೋನ್‌ಗೆ ಮದುವೆ ಗೊತ್ತಾಗಿದ್ದು ಇಂಗ್ಲೆಂಡಿನ ಮೂರನೇ ಹೆನ್ರಿಯ ಜೊತೆ! ಅಂದರೆ ಮುಂದೆ ಎಲಿನೋರಳ ಮಾವನಾಗುವವನ ಜೊತೆ. ಇಂಗ್ಲೆಂಡಿನ ರಾಜನ ಕೈಗೆ ಪೊಂತ್ಯೂ ಹೋಗುವುದು ಫ್ರಾನ್ಸಿಗೆ ಬೇಡವಾಗಿತ್ತು. ಆ ಸಂಬಂಧ ಮುರಿಯಿತು. ಹೆನ್ರಿ 1236ರ ಜನವರಿಯಲ್ಲಿ ಪ್ರೊವಾನ್ಸ್‌ನ ಇನ್ನೊಬ್ಬ ಎಲಿನೋರಳನ್ನು ಮದುವೆಯಾದ, ಜೋನ್ 1237ರಲ್ಲಿ ಕ್ಯಾಸ್ಟೀಲಿಗೆ ಹೋದಳು. ಆಮೇಲೆ ಏನಾಯಿತು? 1279ರಲ್ಲಿ ಜೋನ್ ತೀರಿಕೊಂಡಾಗ ಪೊಂತ್ಯೂ ಮಗಳು ಎಲಿನೋರಳಿಗೇ ಬಂತು, ಅವಳ ಮೂಲಕ ಇಂಗ್ಲೆಂಡಿನ ರಾಜಮನೆತನಕ್ಕೆ ಬಂತು. ಯಾವುದನ್ನು ತಡೆಯಬೇಕು ಅಂತ ಫ್ರಾನ್ಸ್ ಒಂದು ಮದುವೆಯನ್ನೇ ಮುರಿಸಿತ್ತೋ ಅದು ನಲವತ್ತು ವರ್ಷ ತಡವಾಗಿ ಆಯಿತು. ಅಪ್ಪನ ಕಡೆಯಿಂದ ಮಾತ್ರ ಬರೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಅಪ್ಪನ ಕಡೆಯಲ್ಲೂ ಹೆಂಗಸರ ಎಳೆ ಹಿಡಿಯಿರಿ. ಫರ್ಡಿನಾಂಡನ ತಾಯಿ ಬೆರೆಂಗೇರಿಯಾ. ಅವಳ ತಾಯಿ ಇಂಗ್ಲೆಂಡಿನ ಎರಡನೇ ಹೆನ್ರಿಯ ಮಗಳು, ಅವಳ ಹೆಸರೂ ಎಲಿನೋರ್, ಕ್ಯಾಸ್ಟೀಲಿನ ಎಂಟನೇ ಆಲ್ಫೊನ್ಸೊನ ಹೆಂಡತಿ. ಇವಳ ತಮ್ಮ ಜಾನ್ ನಮ್ಮ ಎಡ್ವರ್ಡನ ತಾತ. ಅಂದಮೇಲೆ ಗಂಡ ಹೆಂಡತಿ ದೂರದ ನೆಂಟರು. ಇಂಥ ನೆಂಟಸ್ತಿಕೆ ಹುಡುಕುವುದಕ್ಕೆ ಒಂದು ಉಪಾಯ ಇದೆ. 1215ರ ನಂತರ ನಾಲ್ಕು ತಲೆಮಾರಿನೊಳಗಿನ ಸಂಬಂಧಿಕರು ಮದುವೆಯಾಗಬೇಕಾದರೆ ಚರ್ಚಿನ ವಿಶೇಷ ಅನುಮತಿ ಬೇಕಿತ್ತು. ಆ ಅನುಮತಿ ಪತ್ರಗಳು ಪೋಪ್‌ಗಳ ದಫ್ತರದಲ್ಲಿ ದಾಖಲಾಗಿರುತ್ತವೆ. ಯಾರು ಯಾರಿಗೆ ಏನಾಗಬೇಕು ಅನ್ನುವುದು ಅಲ್ಲಿಂದ ಹೊರಬೀಳುತ್ತದೆ.

ಈ ಹಳೇ ನೆಂಟಸ್ತಿಕೆಯೇ ಎಲಿನೋರಳ ಮದುವೆಗೆ ಕಾರಣ. ಫ್ರಾನ್ಸಿನ ನೈಋತ್ಯ ಮೂಲೆಯ ಗ್ಯಾಸ್ಕನಿ ಇಂಗ್ಲೆಂಡಿನ ರಾಜನ ಕೈಲಿತ್ತು. ಕ್ಯಾಸ್ಟೀಲಿನ ಹೊಸ ರಾಜ, ಎಲಿನೋರಳ ಮಲಅಣ್ಣ ಹತ್ತನೇ ಆಲ್ಫೊನ್ಸೊ, ಅದು ನಮ್ಮ ಮುತ್ತಜ್ಜಿಗೆ ವರದಕ್ಷಿಣೆಯಾಗಿ ಬಂದದ್ದು, ನಮ್ಮದು ಅಂತ ತಗಾದೆ ತೆಗೆದ. ಅಲ್ಲಿ ದಂಗೆಯೂ ಎದ್ದಿತ್ತು. ಕೊನೆಗೆ 1254ರಲ್ಲಿ ರಾಜಿ ಆಯಿತು: ಆಲ್ಫೊನ್ಸೊ ಹಕ್ಕು ಬಿಡುತ್ತಾನೆ, ತಂಗಿಯನ್ನು ಎಡ್ವರ್ಡನಿಗೆ ಕೊಡುತ್ತಾನೆ. ಅದೇ ವರ್ಷ ನವೆಂಬರ್ 1ರಂದು ಬುರ್ಗೋಸ್ ಪಟ್ಟಣದ ಹತ್ತಿರದ ಲಾಸ್ ವೆಲ್ಗಾಸ್ ಮಠದಲ್ಲಿ ಮದುವೆ. ಆ ಮಠ ಕಟ್ಟಿಸಿದ್ದು ಯಾರು ಅಂದರೆ ಅದೇ ಮುತ್ತಜ್ಜಿ ಮತ್ತು ಅವಳ ಗಂಡ. ಮದುವೆಯ ಜಾಗವನ್ನು ಯಾವತ್ತೂ ಸುಮ್ನೆ ಬಿಡಬೇಡಿ, ಅದನ್ನು ಕಟ್ಟಿಸಿದವರು ಯಾರು ಅಂತ ಒಮ್ಮೆ ನೋಡಿ.

ತಾರೀಖುಗಳ ಗೋಜಲು

ಇದು ಬೇಜಾರಿನ ಕೆಲಸ, ಆದರೆ ಮಾಡಲೇಬೇಕು. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಸಾಮಾನ್ಯವಾಗಿ ಮಾರ್ಚ್ 25ಕ್ಕೆ ಶುರು. ಹಾಗಾಗಿ ನಮ್ಮ ಲೆಕ್ಕದ 1291ರ ಜನವರಿಯ ಪತ್ರ ಅವರ ಲೆಕ್ಕದಲ್ಲಿ 1290ರದ್ದೇ ಆಗಿರಬಹುದು. ಕ್ಯಾಸ್ಟೀಲಿನ ಪತ್ರಗಳಲ್ಲಿ ಇನ್ನೊಂದು ಲೆಕ್ಕ. ಅಲ್ಲಿ ಸ್ಪೇನಿನ ಹಳೇ ಶಕೆ ನಡೆಯುತ್ತಿತ್ತು, ನಮ್ಮ ವರ್ಷಕ್ಕಿಂತ 38 ಮುಂದೆ. ಎಲಿನೋರಳ ಮದುವೆಯ ವರ್ಷ ಅಲ್ಲಿ 1292 ಅಂತ ಇರುತ್ತದೆ. ಅವಳು ಸತ್ತು ಎರಡು ವರ್ಷ ಆದಮೇಲೆ ಮದುವೆಯಾಯಿತಾ ಅಂತ ಗಾಬರಿ ಬೀಳಬೇಡಿ, 38 ಕಳೆಯಿರಿ.

ಮೂರನೆಯದು ರಾಜನ ಆಳ್ವಿಕೆಯ ವರ್ಷ. ಇಂಗ್ಲೆಂಡಿನ ಸರ್ಕಾರಿ ಕಾಗದಗಳಲ್ಲಿ ಇದೇ ಜಾಸ್ತಿ. ಎಡ್ವರ್ಡನ ಅಪ್ಪ ಸತ್ತದ್ದು 1272ರ ನವೆಂಬರ್ 16ಕ್ಕೆ, ಆದರೆ ಎಡ್ವರ್ಡನ ಆಳ್ವಿಕೆಯ ಮೊದಲ ವರ್ಷ ಎಣಿಸುವುದು ನವೆಂಬರ್ 20ರಿಂದ. ಎಲಿನೋರ್ ಸತ್ತದ್ದು 1290ರ ನವೆಂಬರ್ 28. ಅಂದರೆ ಅವನ 19ನೇ ವರ್ಷ ಶುರುವಾಗಿ ಎಂಟು ದಿನಕ್ಕೆ. ಅವಳ ಕಾಯಿಲೆಯ ದಿನಗಳ ಲೆಕ್ಕ 18ನೇ ವರ್ಷದ ಸುರುಳಿಯಲ್ಲಿ, ಅಂತ್ಯಕ್ರಿಯೆಯ ಲೆಕ್ಕ 19ನೆಯದರಲ್ಲಿ. ಒಂದನ್ನೇ ನೋಡಿ ನಿಲ್ಲಿಸಿದರೆ ಅರ್ಧ ಕಥೆ ಹೋಯಿತು.

ಹುಟ್ಟಿದ ದಿನ? ಹೆಣ್ಣುಮಕ್ಕಳದ್ದು ಬಹಳ ಸಲ ಯಾರೂ ಬರೆದಿಡುವುದೇ ಇಲ್ಲ. ಆಗ ಅಡ್ಡದಾರಿ ಹಿಡಿಯಬೇಕು. ಎಲಿನೋರ್ 1244ರ ಸುಮಾರಿಗೆ ಹುಟ್ಟಿದಳು ಅಂತ ಹಿಂದೆ ಬರೆಯುತ್ತಿದ್ದರು. ಆಮೇಲೆ 1291ರ ಒಂದು ಖರ್ಚಿನ ಲೆಕ್ಕ ಕಣ್ಣಿಗೆ ಬಿತ್ತು. ಅವಳ ವರ್ಷಾಂತಿಕದ ಮೆರವಣಿಗೆಯಲ್ಲಿ ಮೇಣದಬತ್ತಿ ಹಿಡಿದವರಿಗೆ ಕೊಟ್ಟ ಕೂಲಿ ಅದು. ಒಟ್ಟು 49 ಜನ, ಅವಳು ಬದುಕಿದ ವರ್ಷಕ್ಕೆ ಒಬ್ಬರಂತೆ. ಅದನ್ನು ಹಿಂದಕ್ಕೆ ಎಣಿಸಿದರೆ 1241 ಬರುತ್ತದೆ. ಮದುವೆಯ ಹೊತ್ತಿಗೆ ಅವಳಿಗೆ ಹದಿಮೂರರ ಆಸುಪಾಸು, ಅವನಿಗೆ ಹದಿನೈದು. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾಗುವುದು ಇಂಥ ಪುರಾವೆ. ಯಾರೂ ಇತಿಹಾಸ ಬರೆಯಬೇಕು ಅಂತ ಬರೆದದ್ದಲ್ಲ, ಕೂಲಿ ಲೆಕ್ಕ ಬರೆದಿಟ್ಟರು, ಅದಕ್ಕೇ ನಂಬಬಹುದು.

ಹೆಸರುಗಳಿಗೆ ನಂಬರ್ ಹಾಕಿಕೊಳ್ಳಿ

ಈಗಾಗಲೇ ನಿಮಗೆ ತಲೆ ಸುತ್ತಿರಬೇಕು. ಮುತ್ತಜ್ಜಿ ಎಲಿನೋರ್, ಆ ಮುತ್ತಜ್ಜಿಯ ಅಮ್ಮ ಅಕ್ವಿಟೇನಿನ ಎಲಿನೋರ್, ಅತ್ತೆ ಎಲಿನೋರ್, ಸೊಸೆ ಎಲಿನೋರ್, ಅವಳ ಮಗಳೊಬ್ಬಳು ಎಲಿನೋರ್. ಸಾಲದು ಅಂತ ಎಡ್ವರ್ಡ್ 1299ರಲ್ಲಿ ಫ್ರಾನ್ಸಿನ ಮಾರ್ಗರೆಟ್‌ಳನ್ನು ಎರಡನೇ ಮದುವೆಯಾದ ಮೇಲೆ 1306ರಲ್ಲಿ ಹುಟ್ಟಿದ ಮಗಳಿಗೂ ಎಲಿನೋರ್ ಅಂತಲೇ ಹೆಸರಿಟ್ಟರು. ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ, ಪಕ್ಕದಲ್ಲಿ ಹುಟ್ಟಿದ ವರ್ಷ, ಸತ್ತ ವರ್ಷ ಬರೆಯಿರಿ. ಟಿಪ್ಪಣಿಯಲ್ಲಿ ಬರೀ ಹೆಸರು ಬರೆಯಲೇಬೇಡಿ.

ಮುಖ್ಯವಾಗಿ ಅತ್ತೆ ಸೊಸೆ ವಿಷಯದಲ್ಲಿ ಹುಷಾರು. ಅತ್ತೆ ಎಲಿನೋರ್ ಸತ್ತದ್ದು 1291ರ ಜೂನ್‌ನಲ್ಲಿ, ಸೊಸೆ ಹೋಗಿ ಏಳು ತಿಂಗಳಿಗೆ. ಹಾಗಾಗಿ 1272ರಿಂದ 1290ರವರೆಗೆ ಇಂಗ್ಲೆಂಡಿನಲ್ಲಿ ಇಬ್ಬರು ರಾಣಿ ಎಲಿನೋರ್‌ಗಳು ಬದುಕಿದ್ದರು. ದಾಖಲೆಯಲ್ಲಿ ಒಬ್ಬಳು ರಾಜನ ತಾಯಿ, ಇನ್ನೊಬ್ಬಳು ರಾಜನ ಸಂಗಾತಿ ಅಂತ ಇರುತ್ತದೆ. ಆ ಒಂದು ಪದ ಬಿಟ್ಟು ಓದಿದರೆ ಅತ್ತೆಯ ಜಮೀನು ಸೊಸೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮಕ್ಕಳ ಪಟ್ಟಿ, ಸತ್ತವರನ್ನೂ ಸೇರಿಸಿ

ಎಲಿನೋರಳಿಗೆ ಎಷ್ಟು ಮಕ್ಕಳು? 14 ಅನ್ನುವವರಿದ್ದಾರೆ, 16 ಅನ್ನುವವರೂ ಇದ್ದಾರೆ. ವ್ಯತ್ಯಾಸ ಬರುವುದು ಹುಟ್ಟುತ್ತಲೇ ಹೋದ, ಹೆಸರೂ ಉಳಿಯದ ಕೂಸುಗಳಿಂದ. ಮೊದಲನೆಯದು 1255ರಲ್ಲಿ ಬೋರ್ಡೋದಲ್ಲಿ ತೀರಿಹೋದ ಒಂದು ಹೆಣ್ಣು ಕೂಸು. ಆಗ ತಾಯಿಗೇ ಹದಿಮೂರು ಹದಿನಾಲ್ಕು. ಕೊನೆಯವನು ಎಡ್ವರ್ಡ್, 1284ರ ಏಪ್ರಿಲ್ 25ರಂದು ವೇಲ್ಸಿನ ಕೈರ್ನಾರ್ವನ್‌ನಲ್ಲಿ ಹುಟ್ಟಿದವನು, ಮುಂದೆ ಎರಡನೇ ಎಡ್ವರ್ಡ್ ಆದವನು. ಸುಮಾರು ಮೂವತ್ತು ವರ್ಷದ ಬಾಣಂತನಗಳು.

ಪಟ್ಟಿಯಲ್ಲಿ ಹುಟ್ಟಿದ ಊರಿಗೆ ಒಂದು ಸಾಲು ಬಿಡಿ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಆ ಒಂದು ಸಾಲೇ ರಾಣಿ ಎಲ್ಲೆಲ್ಲಿ ತಿರುಗಿದಳು ಅನ್ನುವುದನ್ನು ಹೇಳಿಬಿಡುತ್ತದೆ. 1270ರಲ್ಲಿ ಗಂಡನ ಜೊತೆ ಧರ್ಮಯುದ್ಧಕ್ಕೆ ಹೊರಟಳು. 1271ರಲ್ಲಿ ಪ್ಯಾಲೆಸ್ಟೈನಿನ ಆಕ್ರೆ ಕೋಟೆಯಲ್ಲಿ ಹುಟ್ಟಿದ ಮಗಳು ಉಳಿಯಲಿಲ್ಲ. 1272ರಲ್ಲಿ ಅಲ್ಲೇ ಜೋನ್ ಹುಟ್ಟಿದಳು, ಆಕ್ರೆಯ ಜೋನ್ ಅಂತಲೇ ಹೆಸರಾದಳು. ವಾಪಸು ಬರುವ ದಾರಿಯಲ್ಲಿ, 1273ರಲ್ಲಿ, ಗ್ಯಾಸ್ಕನಿಯ ಬೆಯೊನ್‌ನಲ್ಲಿ ಆಲ್ಫೊನ್ಸೊ. ಅಣ್ಣನ ಹೆಸರನ್ನು ಮಗನಿಗಿಟ್ಟಳು, ಇಂಗ್ಲೆಂಡಿಗೆ ಅದು ತೀರಾ ಹೊಸ ಹೆಸರು. 1282ರಲ್ಲಿ ಎಲಿಜಬೆತ್ ಹುಟ್ಟಿದ್ದು ವೇಲ್ಸಿನ ರಡ್ಲನ್‌ನಲ್ಲಿ, ಗಂಡ ಅಲ್ಲಿ ಯುದ್ಧ ಮಾಡುತ್ತಿದ್ದಾಗ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ದಂಡಿನ ಜೊತೆ ತಿರುಗಿದ ಹೆಂಗಸು ಇವಳು.

ಗಂಡುಮಕ್ಕಳ ಸಾವನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿ, ಏಕೆಂದರೆ ಸಿಂಹಾಸನದ ಲೆಕ್ಕ ಅಲ್ಲಿ ಬದಲಾಗುತ್ತದೆ. ಜಾನ್ 1271ರಲ್ಲಿ ಹೋದ, ಅಪ್ಪ ಅಮ್ಮ ದೂರದೇಶದಲ್ಲಿದ್ದಾಗ. ಹೆನ್ರಿ 1274ರಲ್ಲಿ. ಆಲ್ಫೊನ್ಸೊ 1284ರ ಆಗಸ್ಟ್‌ನಲ್ಲಿ, ತಮ್ಮ ಹುಟ್ಟಿ ನಾಲ್ಕು ತಿಂಗಳಾಗಿತ್ತು. ಆಲ್ಫೊನ್ಸೊ ಬದುಕಿದ್ದರೆ ಇಂಗ್ಲೆಂಡಿಗೆ ಆ ಹೆಸರಿನ ರಾಜ ಇರುತ್ತಿದ್ದ! ಎಲಿನೋರ್ ಸತ್ತಾಗ ಉಳಿದವರು ಆರೇ ಮಕ್ಕಳು, ಐದು ಹೆಣ್ಣು, ಒಂದು ಗಂಡು.

ಇಲ್ಲೊಂದು ಕಡೆ ಎಡವುವುದು ಸುಲಭ. ಆರು ವರ್ಷದ ಹೆನ್ರಿ ಗಿಲ್ಡ್‌ಫರ್ಡ್‌ನಲ್ಲಿ ಸಾಯುತ್ತಿದ್ದಾಗ ಪಕ್ಕದಲ್ಲಿದ್ದದ್ದು ಅಜ್ಜಿ. ಅಪ್ಪ ಅಮ್ಮ ಲಂಡನ್ನಿನಲ್ಲೇ ಇದ್ದರು, ಹೋಗಲಿಲ್ಲ. ಇದನ್ನಿಟ್ಟುಕೊಂಡು ಕಲ್ಲೆದೆಯ ತಾಯಿ ಅಂತ ಬರೆದವರಿದ್ದಾರೆ. ಆದರೆ ಆ ಹುಡುಗನನ್ನು ಎರಡು ವರ್ಷದವನಿದ್ದಾಗ ಬಿಟ್ಟುಹೋದವರು ಆಗಸ್ಟ್‌ನಲ್ಲಷ್ಟೇ ವಾಪಸು ಬಂದಿದ್ದರು, ಅವನನ್ನು ಸಾಕಿದ್ದು ಅಜ್ಜಿಯೇ. ತೀರ್ಪು ಕೊಡುವ ಮುಂಚೆ ಇನ್ನೊಂದು ದಾಖಲೆ ಪಕ್ಕದಲ್ಲಿಡಿ. 1282ರಲ್ಲಿ ಹಿರಿಯ ಮಗಳು ಎಲಿನೋರಳನ್ನು ಸ್ಪೇನಿನ ಇನ್ನೊಂದು ರಾಜ್ಯ ಅರಗಾನ್‌ಗೆ ಮದುವೆ ಮಾಡಿ ಕಳಿಸುವ ಮಾತು ಬಂದಾಗ, ಹುಡುಗಿ ಇನ್ನೂ ಚಿಕ್ಕವಳು, ಈಗಲೇ ಕಳಿಸುವುದು ಬೇಡ ಅಂತ ಅತ್ತೆ ಸೊಸೆ ಇಬ್ಬರೂ ಹಟ ಹಿಡಿದರು, ಎಡ್ವರ್ಡ್ ಅದನ್ನು ತನ್ನ ಪತ್ರದಲ್ಲೇ ಬರೆದ. ಇಬ್ಬರೂ ಬಹಳ ಚಿಕ್ಕ ವಯಸ್ಸಿಗೆ ಮದುವೆಯಾದವರೇ. ಯಾಕೆ ಬೇಡ ಅಂದರು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಉಳಿದ ಹೆಣ್ಣುಮಕ್ಕಳನ್ನು ಬೇಗ ಮುಗಿಸಬಹುದು. ಎಲಿನೋರ್ ಕೊನೆಗೆ ಬಾರ್ ಪ್ರಾಂತ್ಯದ ದೊರೆಯ ಹೆಂಡತಿಯಾದಳು. ಮಾರ್ಗರೆಟ್ ಬ್ರಬಾಂಟಿಗೆ, ಎಲಿಜಬೆತ್ ಹಾಲೆಂಡಿಗೆ. ಮೇರಿ ಏಮ್ಸ್‌ಬರಿ ಮಠದಲ್ಲಿ ಸನ್ಯಾಸಿನಿ. ಆಕ್ರೆಯ ಜೋನ್ ಮಾತ್ರ ಗಟ್ಟಿಗಿತ್ತಿ. ಅಪ್ಪ ಹೇಳಿದ ಮುದುಕನನ್ನು 1290ರಲ್ಲಿ ಮದುವೆಯಾದಳು. ಅವನು ಸತ್ತ ಮೇಲೆ 1297ರಲ್ಲಿ ಸಾಮಾನ್ಯ ಮನೆತನದ ರಾಲ್ಫ್ ಅನ್ನುವವನನ್ನು ಗುಟ್ಟಾಗಿ ಕಟ್ಟಿಕೊಂಡಳು. ಅಪ್ಪ ಅಳಿಯನನ್ನು ಜೈಲಿಗೆ ಹಾಕಿಸಿದ, ಆಮೇಲೆ ಬಿಟ್ಟ.

ದುಡ್ಡು ಎಲ್ಲಿಂದ ಬಂತು ಅಂತ ಕೇಳಿ

ಇಡೀ ಕೆಲಸದ ಹೃದಯ ಇದು. ಸಮಯ ಕಡಿಮೆ ಇದ್ದರೆ ಬೇರೆಲ್ಲ ಬಿಟ್ಟು ಇದನ್ನೇ ಮಾಡಿ.

ಮೊದಲು ನಾಣ್ಯ ತಿಳಿದುಕೊಳ್ಳಿ. ಒಂದು ಪೌಂಡ್ ಅಂದರೆ 20 ಶಿಲ್ಲಿಂಗ್, 240 ಪೆನ್ನಿ. ಮಾರ್ಕ್ ಅನ್ನುವುದು ಲೆಕ್ಕಕ್ಕೆ ಮಾತ್ರ ಇದ್ದ ಹೆಸರು, ಆ ನಾಣ್ಯ ಇರಲಿಲ್ಲ. ಅದರ ಬೆಲೆ 160 ಪೆನ್ನಿ, ಅಂದರೆ ಪೌಂಡಿನ ಮೂರರಲ್ಲಿ ಎರಡು ಭಾಗ. ಒಂದೇ ಪುಟದಲ್ಲಿ ಪೌಂಡೂ ಮಾರ್ಕೂ ಬೆರೆತು ಬರುತ್ತವೆ, ಎಲ್ಲವನ್ನೂ ಒಂದಕ್ಕೆ ತನ್ನಿ. ಇವತ್ತಿನ ಹಣಕ್ಕೆ ಪರಿವರ್ತಿಸುವ ಆಸೆ ಬೇಡ. ಅದರಿಂದ ಏನೂ ತಿಳಿಯುವುದಿಲ್ಲ.

ಆಮೇಲೆ ಆದಾಯದ ಮೂಲಗಳು. ಗಂಡ ಸತ್ತರೆ ಜೀವನಕ್ಕೆ ಅಂತ ಮದುವೆಯ ಹೊತ್ತಲ್ಲೇ ಹೆಸರಿಸಿ ಇಡುವ ಜಮೀನು ಒಂದು. ಇದು ಗಂಡ ಇರುವವರೆಗೆ ಕೈಗೆ ಬರುವುದಿಲ್ಲ, ಈ ವ್ಯತ್ಯಾಸ ಮರೆಯಬೇಡಿ. ಎರಡನೆಯದು ರಾಣಿಯ ಚಿನ್ನ ಅನ್ನುವ ಹಕ್ಕು. ಯಾರಾದರೂ ಏನೋ ಒಂದು ಅನುಕೂಲಕ್ಕಾಗಿ ರಾಜನಿಗೆ ಹತ್ತು ಮಾರ್ಕ್‌ಗಿಂತ ಜಾಸ್ತಿ ಕಟ್ಟಲು ಒಪ್ಪಿಕೊಂಡರೆ, ಅದರ ಮೇಲೆ ಹತ್ತರಲ್ಲಿ ಒಂದು ಭಾಗ ರಾಣಿಗೆ ಬೇರೆಯಾಗಿ ಕಟ್ಟಬೇಕು. ಕೇಳುವುದಕ್ಕೆ ಜೋರಾಗಿದೆ, ವಸೂಲಿ ಮಾಡುವುದು ಕಷ್ಟ. ಇವೆರಡೂ ಸೇರಿದರೂ ರಾಣಿಯ ಮನೆ ಖರ್ಚಿಗೆ ಸಾಲುತ್ತಿರಲಿಲ್ಲ.

ಅದಕ್ಕೇ ಎಲಿನೋರ್ ಜಮೀನು ಕೊಳ್ಳತೊಡಗಿದಳು. 1274ರಿಂದ ಸಾಯುವವರೆಗೆ ಅವಳು ಸೇರಿಸಿದ ಆಸ್ತಿಯ ಆದಾಯ ವರ್ಷಕ್ಕೆ ಸುಮಾರು 2500 ಪೌಂಡ್. ಕೆಂಟ್ ಸೀಮೆಯ ಪ್ರಸಿದ್ಧ ಲೀಡ್ಸ್ ಕೋಟೆ 1278ರಲ್ಲಿ ಹೀಗೇ ಅವಳ ಕೈಗೆ ಬಂದದ್ದು. ಇದು ಅವಳೊಬ್ಬಳ ದುರಾಸೆ ಅಂತ ಬರೆಯುವ ಮುಂಚೆ ತಡೆಯಿರಿ. ಇದಕ್ಕೆ ಎಡ್ವರ್ಡನ ಒಪ್ಪಿಗೆಯಿತ್ತು, ಅವನ ಮಂತ್ರಿಗಳೇ ನಿಂತು ಸಹಾಯ ಮಾಡಿದರು. ರಾಣಿ ತನ್ನ ಕಾಲ ಮೇಲೆ ನಿಂತರೆ ಖಜಾನೆಗೆ ಹೊರೆ ಕಡಿಮೆ.

ಕೊಂಡ ರೀತಿ ಮಾತ್ರ ಚೆನ್ನಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಬಡ್ಡಿಗೆ ಸಾಲ ಕೊಡುತ್ತಿದ್ದ ಯಹೂದಿಗಳ ಮೇಲೆ ರಾಜ ಹಿಂಡಿ ಹಿಂಡಿ ತೆರಿಗೆ ಹಾಕುತ್ತಿದ್ದ. ಅವರು ತೆರಲಾಗದೆ ಹೋದಾಗ, ಅವರಿಗೆ ಊರಿನ ದೊಡ್ಡ ಮನುಷ್ಯರಿಂದ ಬರಬೇಕಿದ್ದ ಸಾಲದ ಪತ್ರಗಳು ರಾಜನ ವಶವಾಗುತ್ತಿದ್ದವು. ಅವುಗಳಲ್ಲಿ ಕೆಲವನ್ನು ರಾಜ ರಾಣಿಗೆ ಕೊಟ್ಟ. ಸಾಲ ಮಾಡಿದ ಜಮೀನ್ದಾರನ ಎದುರು ಈಗ ಸಾಹುಕಾರನ ಜಾಗದಲ್ಲಿ ರಾಣಿಯೇ ನಿಂತಳು. ಅವನು ಜಮೀನು ಬರೆದುಕೊಟ್ಟು ಕೈತೊಳೆದುಕೊಳ್ಳಬೇಕಾಯಿತು. ಎಷ್ಟು ಮಾತು ಹುಟ್ಟಿತು ಅಂದರೆ ಕೆಂಟರ್ಬರಿಯ ಆರ್ಚ್‌ಬಿಷಪ್ ಪೆಕಮ್ 1280ರ ದಶಕದಲ್ಲಿ ಈ ಬಡ್ಡಿ ವ್ಯವಹಾರದ ಬಗ್ಗೆ ನೇರವಾಗಿ ಎಚ್ಚರಿಸಿ ಪತ್ರ ಬರೆದ. ರಾಜನಿಗೆ ನಮ್ಮ ದುಡ್ಡು ಬೇಕು, ರಾಣಿಗೆ ನಮ್ಮ ಒಳ್ಳೊಳ್ಳೆ ಜಮೀನು ಬೇಕು ಅನ್ನುವ ಅರ್ಥದ ಪದ್ಯವೂ ಜನರ ಬಾಯಲ್ಲಿತ್ತು. ಈ ವ್ಯವಹಾರದಲ್ಲಿ ಎಲ್ಲರಿಗಿಂತ ಕೆಳಗೆ ಸಿಕ್ಕಿ ನಜ್ಜುಗುಜ್ಜಾದವರು ಯಹೂದಿಗಳು. 1290ರ ಜುಲೈನಲ್ಲಿ ಎಡ್ವರ್ಡ್ ಅವರೆಲ್ಲರನ್ನೂ ದೇಶದಿಂದಲೇ ಓಡಿಸಿದ. ರಾಣಿಯ ಬದುಕು ಬರೆಯುವಾಗ ಇದನ್ನು ಅಡಿಟಿಪ್ಪಣಿಗೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇದೆಲ್ಲ ಎಲ್ಲಿ ನೋಡುವುದು? ಎರಡು ಸಾಲು ಸುರುಳಿಗಳನ್ನು ನೆನಪಿಡಿ. ರಾಜ ಎಲ್ಲರಿಗೂ ಕಾಣುವಂತೆ ಹೊರಡಿಸಿದ ಪತ್ರಗಳ ಪ್ರತಿ ಪೇಟೆಂಟ್ ಸುರುಳಿಗಳಲ್ಲಿ, ಮಡಿಸಿ ಮುದ್ರೆ ಒತ್ತಿ ಒಬ್ಬರಿಗೇ ಕಳಿಸಿದ ಪತ್ರಗಳ ಪ್ರತಿ ಕ್ಲೋಸ್ ಸುರುಳಿಗಳಲ್ಲಿ. ಮೂಲ ಲ್ಯಾಟಿನ್, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆದರೆ ಇವುಗಳ ಇಂಗ್ಲಿಷ್ ಸಾರಾಂಶ ನೂರು ವರ್ಷದ ಹಿಂದೆಯೇ ದಪ್ಪ ಸಂಪುಟಗಳಾಗಿ ಅಚ್ಚಾಗಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೊನೆಯ ಹೆಸರುಸೂಚಿಗೆ ಹೋಗಿ. ರಾಣಿಯ ಹೆಸರಷ್ಟೇ ಹುಡುಕಿದರೆ ಸಾಲದು, ಅವಳ ದಿವಾನ, ಅವಳ ಗುಮಾಸ್ತ, ಅವಳ ಊರುಗಳ ಹೆಸರನ್ನೂ ಹುಡುಕಿ. ಜಾಸ್ತಿ ವಿಷಯ ಸಿಗುವುದು ಅಲ್ಲೇ.

ಮನೆ ಖರ್ಚಿನ ಪುಸ್ತಕ ಉಳಿದಿದ್ದರೆ ನೀವು ಅದೃಷ್ಟವಂತರು. ಎಲಿನೋರಳ ಕೊನೆಯ ವರ್ಷದ್ದು ಉಳಿದಿದೆ. ಅವಳು ಪುಸ್ತಕ ಬರೆಯುವವರನ್ನೂ ಚಿತ್ರ ಬಿಡಿಸುವವನನ್ನೂ ಸಂಬಳ ಕೊಟ್ಟು ಇಟ್ಟುಕೊಂಡಿದ್ದಳು ಅಂತ ಗೊತ್ತಾಗುವುದು ಅದರಿಂದ. ಗಂಡ ಹೆಂಡತಿಯ ಸಲಿಗೆ ಕೂಡ ಲೆಕ್ಕದಲ್ಲೇ ಸಿಗುತ್ತದೆ. ಈಸ್ಟರ್ ಮುಗಿದ ಸೋಮವಾರ ರಾಣಿಯ ಸಖಿಯರು ರಾಜನನ್ನು ಹಾಸಿಗೆಯಲ್ಲೇ ಹಿಡಿದುಹಾಕುತ್ತಿದ್ದರು, ದಂಡ ಕೊಟ್ಟರೆ ಮಾತ್ರ ಬಿಡುಗಡೆ, ಆಮೇಲೆ ರಾಣಿಯ ಕೋಣೆಗೆ ಹೋಗಬಹುದು. ಉಪವಾಸದ ನಲವತ್ತು ದಿನ ಮುಗಿದದ್ದಕ್ಕೆ ಈ ತಮಾಷೆ. 1291ರಲ್ಲಿ ಅವಳು ಇರಲಿಲ್ಲ, ಆದರೂ ಎಡ್ವರ್ಡ್ ಆ ಹಣವನ್ನು ಅವಳ ಸಖಿಯರಿಗೆ ಕೊಟ್ಟ. ಅವನು ಅವಳನ್ನು ಪ್ರೀತಿಸಿದನಾ ಅನ್ನುವ ಪ್ರಶ್ನೆಗೆ ಕವಿಗಳಿಗಿಂತ ಈ ಖರ್ಚಿನ ಸಾಲು ಚೆನ್ನಾಗಿ ಉತ್ತರ ಕೊಡುತ್ತದೆ.

ಕಥೆಗಳನ್ನು ಅವು ಹುಟ್ಟಿದ ತಾರೀಖಿನ ಜೊತೆ ಇಡಿ

ಎಲಿನೋರ್ ಅಂದರೆ ಜನಕ್ಕೆ ನೆನಪಾಗುವುದು ವಿಷ ಹೀರಿದ ಕಥೆ. 1272ರ ಜೂನ್‌ನಲ್ಲಿ ಆಕ್ರೆಯಲ್ಲಿ ಒಬ್ಬ ಎಡ್ವರ್ಡನಿಗೆ ವಿಷದ ಚಾಕುವಿನಿಂದ ಇರಿದ, ಹೆಂಡತಿ ಬಾಯಿಂದ ವಿಷ ಹೀರಿ ಉಳಿಸಿದಳು ಅಂತ. ಇರಿತ ನಡೆದದ್ದು ನಿಜ. ಹೀರಿದ ಮಾತು ಮೊದಲು ಬರುವುದು ಎಷ್ಟೋ ವರ್ಷ ಆದಮೇಲೆ, ಇಟಲಿಯ ಪಾದ್ರಿಯೊಬ್ಬ ಹಾಗಂತೆ ಅಂತ ಬರೆದಲ್ಲಿ. ಇಂಗ್ಲೆಂಡಿನ ಒಂದು ವೃತ್ತಾಂತದ ಪ್ರಕಾರ ವೈದ್ಯ ಗಾಯದ ಮಾಂಸ ಕತ್ತರಿಸಬೇಕಾಗಿತ್ತು, ಅಳುತ್ತಿದ್ದ ರಾಣಿಯನ್ನು ಅದಕ್ಕೂ ಮುಂಚೆ ಹೊರಗೆ ಕರೆದುಕೊಂಡು ಹೋದರು. ಇದು ನಡೆದಿರಬಹುದು ಅನಿಸುತ್ತದೆ, ಏಕೆಂದರೆ ಇದರಲ್ಲಿ ಯಾರೂ ವೀರರಾಗುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ: ಪ್ರತಿ ಕಥೆಯ ಮುಂದೆ ಎರಡು ವರ್ಷ ಬರೆಯಿರಿ, ಘಟನೆ ನಡೆದದ್ದು ಮತ್ತು ಮೊದಲ ಸಲ ಬರಹದಲ್ಲಿ ಕಂಡದ್ದು. ನಡುವೆ ಅಂತರ ಜಾಸ್ತಿ ಇದ್ದರೆ ಅನುಮಾನ ಪಡಿ. ಇದೇ ರೀತಿ ಅವಳ ಹೆಸರು ಏರಿಳಿದದ್ದೂ ಕಾಣುತ್ತದೆ. ಅವಳ ಕಾಲದ ಡನ್‌ಸ್ಟಬಲ್ ಮಠದ ವೃತ್ತಾಂತಕಾರ ಅವಳ ಸಾವನ್ನು ಬರೆದು, ಸ್ಪೇನಿನವಳು, ಬಹಳ ಒಳ್ಳೆಯ ಜಮೀನುಗಳನ್ನು ಮಾಡಿಕೊಂಡಳು ಅಂತ ಹೇಳಿ ಸುಮ್ಮನಾದ. ಮಗ ರಾಜನಾದ ಮೇಲೆ ಸೇಂಟ್ ಆಲ್ಬನ್ಸ್‌ನಲ್ಲಿ ಬರೆದವನು ಹೊಗಳಿಯೇ ಹೊಗಳಿದ. 16ನೇ ಶತಮಾನದ ಕೊನೆಗೆ ಸ್ಪೇನ್ ಇಂಗ್ಲೆಂಡಿಗೆ ವೈರಿಯಾದಾಗ ಲಾವಣಿಗಳಲ್ಲಿ ಅವಳು ರಾಕ್ಷಸಿಯಾದಳು. ಹೆಂಗಸು ಅವಳೇ, ಬರೆದವರ ಕಾಲ ಬೇರೆ ಬೇರೆ.

ಕಲ್ಲು ಓದುವುದು

1290ರ ಶರತ್ಕಾಲದಲ್ಲಿ ರಾಜ ಪರಿವಾರ ಲಿಂಕನ್ ಕಡೆ ನಿಧಾನವಾಗಿ ಹೋಗುತ್ತಿತ್ತು. ರಾಜ ಪ್ರತಿ ದಿನ ಎಲ್ಲಿದ್ದ ಅನ್ನುವುದನ್ನು ಅವನ ಪತ್ರಗಳ ಕೊನೆಯಲ್ಲಿ ಬರೆದ ಊರಿನ ಹೆಸರಿನಿಂದ ಜೋಡಿಸಬಹುದು, ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋಗಿ. ಪರಿವಾರ ಹಾರ್ಬಿ ಅನ್ನುವ ಹಳ್ಳಿಯಲ್ಲಿ ನಿಂತಿತು. ನವೆಂಬರ್ 28ಕ್ಕೆ ಅವಳು ಅಲ್ಲೇ ತೀರಿಕೊಂಡಳು. ಕರುಳಿನ ಭಾಗಗಳನ್ನು ಲಿಂಕನ್ ಚರ್ಚಿನಲ್ಲಿ ಹೂಳಿದರು, ದೇಹವನ್ನು ಡಿಸೆಂಬರ್ 17ಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಹೃದಯವನ್ನು ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಮಠದಲ್ಲಿ, ಮಗ ಆಲ್ಫೊನ್ಸೊನ ಹೃದಯದ ಜೊತೆ. ಒಂದು ಸಾವಿಗೆ ಮೂರು ಸಮಾಧಿ ಅಂದರೆ ಮೂರು ಕಡೆಯ ಲೆಕ್ಕಗಳು. ಮೂರನ್ನೂ ಹುಡುಕಬೇಕು.

ಲಿಂಕನ್ನಿನಿಂದ ಲಂಡನ್ನಿಗೆ ದೇಹ ರಾತ್ರಿ ತಂಗಿದ ಜಾಗಗಳಲ್ಲಿ ಎಡ್ವರ್ಡ್ 12 ಕಲ್ಲಿನ ಶಿಲುಬೆ ಗೋಪುರಗಳನ್ನು ಕಟ್ಟಿಸಿದ. ಉಳಿದಿರುವುದು ಮೂರು: ಗೆಡಿಂಗ್ಟನ್, ಹಾರ್ಡಿಂಗ್‌ಸ್ಟನ್, ವಾಲ್ಥಮ್ ಕ್ರಾಸ್. ಚೇರಿಂಗ್ ಕ್ರಾಸ್ ರೈಲು ನಿಲ್ದಾಣದ ಮುಂದೆ ಇರುವುದು 1860ರ ದಶಕದ್ದು, ಹಳೆಯದನ್ನು 1647ರಲ್ಲೇ ಕೆಡವಿದರು. ಚಿತ್ರ ನೋಡುವಾಗ ಮೇಲಿನ ರಾಣಿಯ ಮೂರ್ತಿಗಿಂತ ಕೆಳಗಿನ ಗುರಾಣಿಗಳನ್ನು ನೋಡಿ. ಇಂಗ್ಲೆಂಡಿನ ಮೂರು ಸಿಂಹ, ಕ್ಯಾಸ್ಟೀಲ್ ಮತ್ತು ಲಿಯೋನ್‌ನ ಕೋಟೆ ಹಾಗೂ ಸಿಂಹ, ಪೊಂತ್ಯೂವಿನ ಓರೆ ಪಟ್ಟಿಗಳು. ಗಂಡನ ಮನೆ, ಅಪ್ಪನ ಮನೆ, ಅಮ್ಮನ ಮನೆ, ಮೂರೂ ಕಲ್ಲಿನ ಮೇಲೆ ಅಕ್ಕಪಕ್ಕ ಇವೆ. ಓದಲು ಬಾರದವರಿಗೂ ತಿಳಿಯಲಿ ಅಂತ ಕೆತ್ತಿಸಿದ್ದು. ವೆಸ್ಟ್‌ಮಿನ್‌ಸ್ಟರ್‌ನ ಸಮಾಧಿಯ ಮೇಲೆ ಲಂಡನ್ನಿನ ಅಕ್ಕಸಾಲಿಗ ವಿಲಿಯಂ ಟೊರೆಲ್ ಎರಕ ಹೊಯ್ದ, ಚಿನ್ನದ ಲೇಪದ ಮೂರ್ತಿ ಇನ್ನೂ ಇದೆ. ಅದರ ಮುಖ ಅವಳದೇ ಅಂತ ಮಾತ್ರ ಬರೆಯಬೇಡಿ. ಆಗಿನ ಶಿಲ್ಪಿಗಳು ಸುಂದರವಾದ ರಾಣಿಯನ್ನು ಮಾಡುತ್ತಿದ್ದರು, ಹೋಲಿಕೆ ಹಿಡಿಯುತ್ತಿರಲಿಲ್ಲ.

ಸತ್ತಲ್ಲಿಗೆ ಬರವಣಿಗೆ ನಿಲ್ಲಿಸಬೇಡಿ. ತನ್ನ ಅಧಿಕಾರಿಗಳು ಮಾಡಿದ ಅನ್ಯಾಯ ಸರಿಪಡಿಸಿ ಅಂತ ಎಲಿನೋರ್ ಸಾಯುವಾಗ ಕೇಳಿಕೊಂಡಿದ್ದಳು, ಅದರಂತೆ 1291ರಲ್ಲಿ ಅವಳ ಜಮೀನುಗಳಲ್ಲಿ ವಿಚಾರಣೆ ನಡೆಯಿತು, ಒಕ್ಕಲುಗಳು ಬಂದು ಒಂದೊಂದೇ ದೂರು ಹೇಳಿದರು. ರಾಣಿಯ ಆಳ್ವಿಕೆ ಕೆಳಗಿದ್ದವರಿಗೆ ಹೇಗಿತ್ತು ಅನ್ನುವುದು ಅವರ ಬಾಯಲ್ಲೇ ಸಿಗುವ ಜಾಗ ಇದು. ಇದನ್ನು ಆರ್ಚ್‌ಬಿಷಪ್ಪನ ಪತ್ರದ ಪಕ್ಕದಲ್ಲಿಟ್ಟು ಓದಿ.

ಬರೆಯಲು ಕೂತಾಗ ಹುಟ್ಟಿನಿಂದ ಸಾವಿನವರೆಗೆ ಸಾಲಾಗಿ ಹೋಗಬೇಕು ಅಂತೇನಿಲ್ಲ. ಪೊಂತ್ಯೂ ಕಥೆಯಿಂದ ಶುರು ಮಾಡಿದರೂ ಆಗುತ್ತದೆ, 1291ರ ದೂರುಗಳಿಂದ ಶುರು ಮಾಡಿದರೂ ಆಗುತ್ತದೆ. ಗಟ್ಟಿಯಿಲ್ಲದ ತಾರೀಖಿಗೆ ಸುಮಾರು ಅನ್ನುವ ಪದ ಹಾಕಿ, ನಾಚಿಕೆ ಬೇಡ. ಇದು ಮುಗಿದ ಮೇಲೆ ಇನ್ನೊಬ್ಬಳನ್ನು ಹಿಡಿಯುವ ಮನಸ್ಸಿದ್ದರೆ ಅತ್ತೆ ಎಲಿನೋರಳನ್ನೇ ಹಿಡಿಯಿರಿ. ಅರ್ಧ ವಂಶವೃಕ್ಷ ಈಗಾಗಲೇ ನಿಮ್ಮ ಕೈಲಿದೆ, ಅವಳ ಅಕ್ಕ ಮಾರ್ಗರೆಟ್ ಫ್ರಾನ್ಸಿನ ಒಂಬತ್ತನೇ ಲೂಯಿಯ ರಾಣಿ, ಒಬ್ಬ ತಂಗಿ ಈ ಎಲಿನೋರಳ ಗಂಡ ಹೆನ್ರಿಯ ತಮ್ಮನನ್ನೇ ಮದುವೆಯಾದಳು, ಇನ್ನೊಬ್ಬ ತಂಗಿ ಬಿಯಾಟ್ರಿಸ್ ಸಿಸಿಲಿಯ ರಾಣಿ. ಅಮ್ಮನ ಹೆಸರು ಸವೋಯ್‌ನ ಬಿಯಾಟ್ರಿಸ್. ಅಲ್ಲಿಂದ ಶುರು ಮಾಡಿ.